ಹಾವು ಕಡಿತ ಮತ್ತು ಮೊಬೈಲಿನ ಹುಡುಕಾಟ

ಗೋವಿನಜೋಳ ಎದೆಯೆತ್ತರ ಬೆಳೆದಾಗ ಶಿಗ್ಗಾಂವಿ ಸುತ್ತಲಿನ ಹೊಲಗಳಲ್ಲಿ ಹಾವಿನ ಭಯ ಇದ್ದದ್ದೇ. ಕಡಿತವಾದರೆ ಇಂದು ಎಷ್ಟೋ ಮನೆಗಳಲ್ಲಿ ಕೈ ಮೊದಲು ಮೊಬೈಲಿನತ್ತ ಹೋಗುತ್ತದೆ. ಆದರೆ ಗೂಗಲ್ ರೋಗಿಯನ್ನು ನೋಡಿ ಉತ್ತರಿಸುವ ವೈದ್ಯನಲ್ಲ. ನಾವು ಬರೆದ ಪದಗಳಿಗೆ ಹೊಂದುವ ಪುಟಗಳನ್ನು ಆಯ್ದು ಸಾಲಾಗಿ ಇರಿಸುತ್ತದೆ. ‘ಹಾವು ಕಡಿತಕ್ಕೆ ಮನೆಮದ್ದು’ ಎಂದು ಕೇಳಿದವರಿಗೆ ಮನೆಮದ್ದಿನ ಪುಟಗಳು ಎದುರಾಗಬಹುದು. ‘ಹಾವು ಕಡಿತಕ್ಕೆ ಪ್ರಥಮ ಚಿಕಿತ್ಸೆ’ ಎಂದು ಕೇಳಿದರೆ ಆಸ್ಪತ್ರೆಯ ದಾರಿ ತೋರುವ ಬರಹಗಳು ಸಿಗುವ ಸಂಭವ ಹೆಚ್ಚು. ‘ಪ್ರಾಯೋಜಿತ’ ಎಂದಿದ್ದರೆ ಅದು ಹಣ ತೆತ್ತು ಹಾಕಿಸಿದ ಜಾಹೀರಾತು.

ಈ ಹುಡುಕಾಟವನ್ನು ಸದ್ಭಕ್ತರು ಬಿಡುವಿದ್ದಾಗಲೇ ಮಾಡಬೇಕೆಂಬುದು ನಮ್ಮ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಸರ್ಕಾರಿ ಆರೋಗ್ಯ ಇಲಾಖೆಗಳ ಪುಟಗಳನ್ನು ಮೊದಲು ನೋಡುವುದು ಲೇಸು. ಕಡಿತವಾದ ಮೇಲೆ ಮೊಬೈಲಿನಿಂದ ಆಗಬೇಕಾದ ಕೆಲಸ ಒಂದೇ, 108ಕ್ಕೆ ಕರೆ. ಕಡಿದ ಅಂಗವನ್ನು ಅಲುಗಿಸಬಾರದು, ಕೊಯ್ಯಬಾರದು, ಹಗ್ಗದಿಂದ ಬಿಗಿಯಬಾರದು. ಹಾವಿನ ಜಾತಿ ತಿಳಿಯಲು ಚಿತ್ರಗಳನ್ನು ತಡಕುತ್ತ ಕೂರುವುದೂ ಬೇಡ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ನಮ್ಮ ದೇಶದಲ್ಲಿ ಬಳಸುವ ಪ್ರತಿವಿಷದ ಚುಚ್ಚುಮದ್ದು ಒಂದೇ.