ಮತ ಹಾಕಿಯಾದ ಮೇಲೆ ಬಯಲಾದ ಹಗರಣ

ಮತದಾನದ ದಿನಕ್ಕೆ ಕಾಯದೆ, ಅಂಚೆಯ ಮೂಲಕವೋ ಖುದ್ದಾಗಿ ಹೋಗಿಯೋ ಮೊದಲೇ ಮತ ಹಾಕುವುದು ಮುಂಗಡ ಮತದಾನ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಈ ಸೌಲಭ್ಯವಿದೆ. ಕೆಲಸ ಬಿಟ್ಟು ಬರಲಾಗದವರಿಗೆ, ವಯಸ್ಸಾದವರಿಗೆ ಇದರಿಂದ ದೊಡ್ಡ ಅನುಕೂಲ. ತೊಡಕು ಏಳುವುದು, ಮತ ಹಾಕಿದ ಮೇಲೆ ಅಭ್ಯರ್ಥಿಯ ಹಗರಣ ಹೊರಬಿದ್ದಾಗ.

ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ ಮೊಂಟಾನಾ ರಾಜ್ಯಕ್ಕೆ ಆಗ ಇದ್ದ ಏಕೈಕ ಸ್ಥಾನಕ್ಕೆ 2017ರ ಮೇ 25ರಂದು ಉಪಚುನಾವಣೆ ನಡೆಯಬೇಕಿತ್ತು. ಹಿಂದಿನ ಸಂಜೆ ಬೋಜ್‌ಮನ್ ಪಟ್ಟಣದಲ್ಲಿ 'ಗಾರ್ಡಿಯನ್' ವರದಿಗಾರ ಬೆನ್ ಜೇಕಬ್ಸ್ ಆರೋಗ್ಯ ಮಸೂದೆಯ ಬಗ್ಗೆ ಪ್ರಶ್ನೆ ಕೇಳಿದರು. ರಿಪಬ್ಲಿಕನ್ ಅಭ್ಯರ್ಥಿ ಗ್ರೆಗ್ ಜಿಯಾನ್‌ಫೋರ್ಟೆ ಉತ್ತರಿಸಲಿಲ್ಲ. ವರದಿಗಾರನನ್ನೇ ಹಿಡಿದು ನೆಲಕ್ಕೆ ಕೆಡವಿದರು. ಕನ್ನಡಕ ಮುರಿಯಿತು. ಧ್ವನಿಮುದ್ರಣ ನಡೆಯುತ್ತಲೇ ಇತ್ತು. ಫಾಕ್ಸ್ ನ್ಯೂಸ್ ತಂಡ ಅಲ್ಲೇ ನಿಂತು ನೋಡಿತ್ತು. ರಾತ್ರಿಯೊಳಗೆ ಹಲ್ಲೆ ಪ್ರಕರಣ ದಾಖಲಾಯಿತು, ರಾಜ್ಯದ ಮೂರು ಪ್ರಮುಖ ಪತ್ರಿಕೆಗಳು ಅಭ್ಯರ್ಥಿಗೆ ಕೊಟ್ಟಿದ್ದ ಬೆಂಬಲ ಹಿಂತೆಗೆದುಕೊಂಡವು. ಆದರೆ ಅರ್ಧಕ್ಕಿಂತ ಹೆಚ್ಚು ಮತಗಳು ಅಷ್ಟರಲ್ಲೇ ಅಂಚೆಯಲ್ಲಿ ಬಂದು ಸೇರಿದ್ದವು. ಮತ ಬದಲಿಸಬಹುದೇ ಎಂದು ವಿಚಾರಿಸಿದವರಿಗೆ ಸಿಕ್ಕ ಉತ್ತರ, ಇಲ್ಲ. ಜಿಯಾನ್‌ಫೋರ್ಟೆ ಶೇಕಡ 50ರಷ್ಟು ಮತ ಪಡೆದು ಗೆದ್ದರು. ಮರುತಿಂಗಳು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಬದಲಿಸುವ ಅವಕಾಶವಿದ್ದಿದ್ದರೆ ಅವರು ಸೋಲುತ್ತಿದ್ದರು ಎನ್ನಲಾಗದು. ಆದರೂ ಮತದಾರನ ಕೈ ಕಟ್ಟಿಹಾಕಿದ್ದು ಅನ್ಯಾಯವೇ.

ಗೆದ್ದವರನ್ನು ವಾಪಸ್ ಕರೆಸಿಕೊಳ್ಳುವ ಹಕ್ಕು ಇದಕ್ಕೆ ಪರಿಹಾರವೆಂದು ಅನ್ನಿಸಬಹುದು. ಅಮೆರಿಕದ ಸಂಸದರ ಮಟ್ಟಿಗೆ ಆ ದಾರಿಯೇ ಇಲ್ಲ: ಅಲ್ಲಿನ ಸಂವಿಧಾನದಲ್ಲಿ ಅದಕ್ಕೆ ಅವಕಾಶವಿಲ್ಲ, ಸದಸ್ಯನನ್ನು ಉಚ್ಚಾಟಿಸಲು ಸದನದಲ್ಲೇ ಮೂರನೇ ಎರಡರಷ್ಟು ಬಹುಮತ ಬೇಕು. ರಾಜ್ಯಮಟ್ಟದ ಅಧಿಕಾರಸ್ಥರನ್ನು ವಾಪಸ್ ಕರೆಸಲು ಕೆಲವು ರಾಜ್ಯಗಳಲ್ಲಿ ಅವಕಾಶವಿದೆ. ಕ್ಯಾಲಿಫೋರ್ನಿಯಾದಲ್ಲಿ ಈ ಹಕ್ಕು ಬಂದದ್ದು 1911ರಲ್ಲಿ. ಗವರ್ನರ್ ವಿರುದ್ಧವಾದರೆ, ಹಿಂದಿನ ಚುನಾವಣೆಯಲ್ಲಿ ಆ ಹುದ್ದೆಗೆ ಬಿದ್ದ ಮತಗಳ ಶೇಕಡ 12ರಷ್ಟು ಸಹಿ ಸಂಗ್ರಹಿಸಬೇಕು. 2002ರ ನವೆಂಬರ್‌ನಲ್ಲಿ ಮರುಆಯ್ಕೆಯಾಗಿದ್ದ ಗವರ್ನರ್ ಗ್ರೇ ಡೇವಿಸ್ ಹೀಗೆಯೇ 2003ರ ಅಕ್ಟೋಬರ್ 7ರ ಮತದಾನದಲ್ಲಿ ಅಧಿಕಾರ ಕಳೆದುಕೊಂಡರು. ಅದೇ ಮತದಾನದಲ್ಲಿ ಅವರ ಜಾಗಕ್ಕೆ 135 ಮಂದಿ ಕಣದಲ್ಲಿದ್ದರು.

ಅಲ್ಲೂ ಹಗರಣ ತಡವಾಗಿಯೇ ಬಂತು. ಆ ಅಭ್ಯರ್ಥಿಗಳಲ್ಲೊಬ್ಬರಾದ ನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅನುಚಿತವಾಗಿ ಮೈ ಮುಟ್ಟಿದ್ದಾರೆಂಬ ಆರು ಮಹಿಳೆಯರ ಹೇಳಿಕೆಗಳನ್ನು 'ಲಾಸ್ ಏಂಜಲೀಸ್ ಟೈಮ್ಸ್' ಪ್ರಕಟಿಸಿದ್ದು ಅಕ್ಟೋಬರ್ 2ರಂದು, ಮತದಾನಕ್ಕೆ ಐದೇ ದಿನ ಮೊದಲು. ಅವರು ಅಂದೇ ಕ್ಷಮೆ ಕೇಳಿದರು. ಅಂಚೆ ಮತಗಳು ಮಾತ್ರ ಆಗಲೇ ಬರತೊಡಗಿದ್ದವು. ಗೆದ್ದವರು ಅವರೇ. ವಾಪಸ್ ಕರೆಸುವ ಚುನಾವಣೆಗೂ ಇದೇ ರೋಗ ತಪ್ಪಿದ್ದಲ್ಲ.

ಇದಕ್ಕಿಂತ ಸರಳವಾದ ಮದ್ದು ಯುರೋಪಿನಲ್ಲಿದೆ. ಎಸ್ಟೋನಿಯಾದಲ್ಲಿ ಇಂಟರ್ನೆಟ್ ಮೂಲಕ ಎಷ್ಟು ಸಲ ಬೇಕಾದರೂ ಮತ ಹಾಕಬಹುದು, ಕೊನೆಯದು ಮಾತ್ರ ಲೆಕ್ಕಕ್ಕೆ. ಸ್ವೀಡನ್‌ನಲ್ಲಿ ಮುಂಗಡ ಮತ ಲಕೋಟೆಯಲ್ಲೇ ಮತದಾರನ ಮತಗಟ್ಟೆಗೆ ತಲುಪುತ್ತದೆ. ಮತದಾನದ ದಿನ ಆತ ಖುದ್ದಾಗಿ ಬಂದು ಮತ ಹಾಕಿದರೆ ಆ ಲಕೋಟೆಯನ್ನು ಎಣಿಕೆಗೆ ಸೇರಿಸುವುದಿಲ್ಲ.