ತಣ್ಣೀರು ಕುದಿದಾಗ ಕಬ್ಬಿಣ ಸವೆಯುತ್ತದೆ

ಬೇಸಿಗೆಯಲ್ಲಿ ನೀರು ಕೆಳಗಿಳಿದಂತೆ ಕೆರೆದಡದ ಪಂಪ್‌ಸೆಟ್ಟಿನ ಸದ್ದು ಬದಲಾಗುತ್ತದೆ. ಒಳಗೆ ಜಲ್ಲಿ ಸುರಿದ ಹಾಗೆ ಕರಕರ ಎನ್ನುತ್ತದೆ, ನೀರೂ ಕಡಿಮೆ ಬರುತ್ತದೆ. ಬಿಚ್ಚಿ ನೋಡಿದರೆ ಇಂಪೆಲ್ಲರ್ ರೆಕ್ಕೆಗಳ ಮೇಲೆ, ನೀರು ಒಳಬರುವ ಕಡೆಗೆ, ಒತ್ತೊತ್ತಾಗಿ ಗುಳಿಗಳು. ನೀರಿನಲ್ಲಿ ಮರಳಿದೆ ಎನ್ನುತ್ತಾರೆ ಕೆಲವರು, ಎರಕವೇ ಕಳಪೆ ಎನ್ನುತ್ತಾರೆ ಇನ್ನು ಕೆಲವರು. ಎಷ್ಟೋ ಸಲ ಕಾರಣ ಬೇರೆಯೇ: ತಣ್ಣೀರು ಪಂಪಿನೊಳಗೆ ಕುದಿದಿರುತ್ತದೆ. ಎಂಜಿನಿಯರುಗಳು ಇದಕ್ಕೆ ಕ್ಯಾವಿಟೇಶನ್ ಎನ್ನುತ್ತಾರೆ.

ಕುದಿಯಲು ಬೆಂಕಿಯೇ ಬೇಕೆಂದಿಲ್ಲ. ಒತ್ತಡ ಸಾಕಷ್ಟು ಇಳಿದರೆ 25 ಡಿಗ್ರಿಯ ನೀರೂ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಅದಕ್ಕೆ ಒತ್ತಡ ವಾಯುಭಾರದ ಸುಮಾರು ಮೂವತ್ತನೇ ಒಂದು ಭಾಗಕ್ಕೆ ಇಳಿಯಬೇಕು. ಪಂಪು ನೀರನ್ನು ಎಳೆಯುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ಅದು ಮಾಡುವುದು ತನ್ನ ಬಾಯಲ್ಲಿ ಒತ್ತಡ ಇಳಿಸುವುದನ್ನಷ್ಟೇ. ನೀರನ್ನು ಪೈಪಿನೊಳಕ್ಕೆ ನೂಕುವುದು ಕೆರೆಯ ಮೇಲಿನ ಗಾಳಿಯ ಭಾರ. ಆ ಭಾರಕ್ಕೂ ಮಿತಿಯಿದೆ. ಸಮುದ್ರಮಟ್ಟದಲ್ಲಿ ಅದು 10.3 ಮೀಟರ್ ನೀರನ್ನು ಎತ್ತಿ ಹಿಡಿಯಬಲ್ಲದು.

ನುಗ್ಗೇಹಳ್ಳಿ, ಚನ್ನರಾಯಪಟ್ಟಣದ ಸೀಮೆ ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿ ಅಷ್ಟರಮಟ್ಟಿಗೆ ತೆಳು, 10.3 ಮೀಟರ್ ಇದ್ದದ್ದು ಹೆಚ್ಚುಕಡಿಮೆ 9.3ಕ್ಕೆ ಇಳಿಯುತ್ತದೆ. ಅದರಲ್ಲಿ ಆವಿಯ ಒತ್ತಡಕ್ಕೆ ಅರ್ಧ ಮೀಟರಿನಷ್ಟು ಕಳೆಯಿರಿ. ಸಕ್ಷನ್ ಪೈಪಿನ ತಿಕ್ಕಾಟ, ಎಲ್ಬೋ, ಫುಟ್‌ವಾಲ್ವ್ ಸೇರಿ ಒಂದು ಮೀಟರ್ ತಿಂದವೆನ್ನಿ. ಪಂಪಿಗೇ ಎರಡು ಮೂರು ಮೀಟರ್ ಬೇಕಾಗಬಹುದು. ನೀರೆತ್ತಲು ಉಳಿಯುವುದು ಐದು ಮೀಟರ್ ಆಸುಪಾಸು. ಮಂಗಳೂರಿನ ಕಡಲತೀರದಲ್ಲಿ ಸದ್ದಿಲ್ಲದೆ ಓಡುವ ಪಂಪು, ಅಷ್ಟೇ ಆಳದಿಂದ ನೀರೆತ್ತುವಾಗ ಇಲ್ಲಿ ಕರಕರ ಎನ್ನಬಹುದು. ಪಂಪು ಕೂರಿಸುವವರು ತೆಳು ಗಾಳಿಯಿಂದ ಕಳೆದುಹೋಗುವ ಈ ಒಂದು ಮೀಟರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ನನಗೆ ತೀರಾ ಬೇಸರದ ವಿಷಯ.

ಗುಳ್ಳೆ ಹುಟ್ಟಿದಾಗ ಏನೂ ಆಗುವುದಿಲ್ಲ, ಸಾಯುವಾಗಲೇ ಅಪಾಯ. ರೆಕ್ಕೆಯ ಉದ್ದಕ್ಕೂ ಮುಂದೆ ಸಾಗಿ ಒತ್ತಡ ಏರುವ ಜಾಗಕ್ಕೆ ಬಂದ ಕೂಡಲೇ ಅದು ಕುಸಿಯುತ್ತದೆ. ಸುತ್ತಲಿನ ನೀರು ನಡುವಿಗೆ ನುಗ್ಗುತ್ತದೆ. ಬ್ರಿಟನ್ನಿನ ಭೌತವಿಜ್ಞಾನಿ ರ‍್ಯಾಲಿ 1917ರಲ್ಲೇ ಇದರ ಲೆಕ್ಕ ಹಾಕಿದ್ದರು: ಗುಳ್ಳೆಯ ತ್ರಿಜ್ಯ ಇಪ್ಪತ್ತನೇ ಒಂದು ಭಾಗಕ್ಕೆ ಕುಗ್ಗುವಷ್ಟರಲ್ಲಿ ಅದರ ಪಕ್ಕದ ಒತ್ತಡ ವಾಯುಭಾರದ 1260 ಪಟ್ಟು, ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1300 ಕಿಲೋ. ಲೋಹಕ್ಕೆ ತಾಗಿದಂತೆ ಕುಸಿಯುವ ಗುಳ್ಳೆಯಿಂದ ಸೂಜಿಯಷ್ಟು ಸಣ್ಣ ನೀರಿನ ಧಾರೆಯೂ ಚಿಮ್ಮುತ್ತದೆ. ಇಂಥ ಏಟುಗಳು ಎಡೆಬಿಡದೆ ಬೀಳುತ್ತಿದ್ದರೆ ಎಷ್ಟು ಗಟ್ಟಿ ಎರಕವಾದರೂ ದಣಿದು ಉದುರುತ್ತದೆ.

ಈ ಸವೆತವನ್ನು ಅಳೆದು, ಮುಂಚಿತವಾಗಿ ಅಂದಾಜು ಮಾಡುವ ಕೆಲಸದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ದೊಡ್ಡ ಪಾಲಿದೆ. ಅಲ್ಲಿನ ಎನ್.ಎಸ್. ಗೋವಿಂದ ರಾವ್ ಮತ್ತು ಎ. ತಿರುವೇಂಗಡಂ 1961ರಲ್ಲಿ ಕ್ಯಾವಿಟೇಶನ್ ಹಾನಿಯ ಮುನ್ನಂದಾಜಿನ ಬಗ್ಗೆ ಪ್ರಬಂಧ ಪ್ರಕಟಿಸಿದರು. 1970ರ ಹೊತ್ತಿಗೆ ಶ್ಯಾಮಲ ರಾವ್, ಲಕ್ಷ್ಮಣ ರಾವ್, ಸೀತಾರಾಮಯ್ಯ ಅವರು ನೀರಿನಲ್ಲಿ ತಿರುಗುವ ತಟ್ಟೆಗೆ ಲೋಹದ ತುಣುಕು ಕೂರಿಸಿ ಅದು ಸವೆಯುವ ಬಗೆಯನ್ನು ಪರೀಕ್ಷಿಸಿದ್ದರು. ಮುಂದೆ ಇದೇ ಸಂಸ್ಥೆಗೆ ಬಂದ ವಿಜಯ್ ಅರಕೇರಿ, ಅದಕ್ಕೂ ಮೊದಲು ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಅಲನ್ ಅಕೋಸ್ಟಾ ಜೊತೆ ಮಾಡಿದ ಕೆಲಸ ನನಗೆ ಬಹಳ ಮೆಚ್ಚುಗೆಯದು. ಒತ್ತಡ ಅತಿ ಕಡಿಮೆಯಿರುವ ಬಿಂದುವಿನಲ್ಲೇ ಕ್ಯಾವಿಟೇಶನ್ ಶುರುವಾಗಬೇಕೆಂದು ನಮಗೆ ಅನ್ನಿಸುತ್ತದೆ. ಆದರೆ ಮೇಲ್ಮೈಗೆ ಅಂಟಿ ಹರಿಯುವ ನೀರಿನ ತೆಳು ಪದರ ಕಳಚಿಕೊಳ್ಳುವ ಜಾಗಕ್ಕೂ ಕ್ಯಾವಿಟೇಶನ್ ಶುರುವಾಗುವುದಕ್ಕೂ ನೇರ ನಂಟಿದೆ ಎಂದು ಅವರು ತೋರಿಸಿಕೊಟ್ಟರು. ರೆಕ್ಕೆಯ ಆಕಾರ, ನುಣುಪು ಎಷ್ಟು ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ.

ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಪಂಪು ನೀರಿನಲ್ಲೇ ಮುಳುಗಿರುವುದರಿಂದ ಈ ಕಾಟ ಕಡಿಮೆ. ನೀರು ಇಳಿದು ಅದು ಗಾಳಿ ಹೀರಿದರೆ ಆ ತೊಂದರೆಯೇ ಬೇರೆ.

ದಡದ ಮೇಲಿನ ಪಂಪು ಕರಕರ ಎಂದರೆ ಹೊಸ ಇಂಪೆಲ್ಲರ್ ತರುವ ಮೊದಲು ನೀರಿನ ಮಟ್ಟದಿಂದ ಪಂಪಿನವರೆಗೆ ಎತ್ತರ ಅಳೆಯಿರಿ. ಸಾಧ್ಯವಾದರೆ ಪಂಪನ್ನು ಕೆಳಗಿಳಿಸಿ, ಸಕ್ಷನ್ ಪೈಪು ಒಂದು ಅಳತೆ ದೊಡ್ಡದಿರಲಿ, ಎಲ್ಬೋ ಕಡಿಮೆಯಿರಲಿ, ಫುಟ್‌ವಾಲ್ವ್‌ಗೆ ಸಿಕ್ಕಿದ ಕಸ ತೆಗೆಯಿರಿ. ನೀರು ತಗ್ಗಿಸಬೇಕೆನಿಸಿದರೆ ಡೆಲಿವರಿ ಕಡೆಯ ವಾಲ್ವ್ ತಿರುಗಿಸಿ. ಸಕ್ಷನ್ ಕಡೆಯದನ್ನು ಎಂದೂ ಮುಚ್ಚಬೇಡಿ.