ಭಂಡಾರದ ಮಳೆಯಲ್ಲಿ ಮೊಬೈಲ್ ಯಾಕೆ ಸುಸ್ತಾಗುತ್ತದೆ?

ಸೋಮವತಿ ಅಮಾವಾಸ್ಯೆಯಂದು ಖಂಡೋಬನ ಪಲ್ಲಕ್ಕಿ ಪುಣೆ ಜಿಲ್ಲೆಯ ಜೇಜುರಿ ಗಡದಿಂದ ಕರ್ಹಾ ನದಿಯ ಕಡೆಗೆ ಇಳಿಯುವಾಗ ಗಾಳಿಯೇ ಹಳದಿಯಾಗಿರುತ್ತದೆ. ಮುಷ್ಟಿಗಟ್ಟಲೆ ಭಂಡಾರ, ಅಂದರೆ ಅರಿಶಿನದ ಪುಡಿ, ಮೇಲಕ್ಕೆ ಹಾರುತ್ತದೆ, ಜೊತೆಗೆ ಒಣಕೊಬ್ಬರಿಯ ತುಂಡುಗಳು. ಖಂಡೋಬನಲ್ಲಿ ತಮ್ಮ ಮೈಲಾರಲಿಂಗನನ್ನೇ ಕಾಣುವ ಭಕ್ತರು ಉತ್ತರ ಕರ್ನಾಟಕದಿಂದಲೂ ಇಲ್ಲಿಗೆ ಬರುತ್ತಾರೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಬಿಸಿಲಲ್ಲಿ ಸ್ವಲ್ಪ ಹೊತ್ತು ವಿಡಿಯೊ ಮಾಡಿದರೆ ಸಾಕು, ಹಲವು ಫೋನುಗಳ ಪರದೆ ಮಂಕಾಗುತ್ತದೆ, ಚಿತ್ರ ತಡವರಿಸುತ್ತದೆ, ಕೆಲವುಗಳಲ್ಲಿ ಕ್ಯಾಮೆರಾ ಬಿಸಿಯಾಯಿತೆಂದು ತಾನೇ ನಿಂತುಬಿಡುತ್ತದೆ. ಫೋನ್ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಒಳಗಿನ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳುತ್ತಿದೆ, ಅಷ್ಟೇ.

ಪ್ರೊಸೆಸರ್ ಎಂದು ನಾವು ಕರೆಯುವುದು ಒಂದೇ ಯಂತ್ರವಲ್ಲ. ಲೆಕ್ಕ ಮಾಡುವ ಸಿಪಿಯು, ಪರದೆಗೆ ಚಿತ್ರ ಬಿಡಿಸುವ ಜಿಪಿಯು, ಕ್ಯಾಮೆರಾದ ಬೆಳಕನ್ನು ಚಿತ್ರವಾಗಿಸುವ ಘಟಕ, ವಿಡಿಯೊ ಕುಗ್ಗಿಸುವ ಎನ್‌ಕೋಡರ್, ಬಹುಪಾಲು ಫೋನುಗಳಲ್ಲಿ ಟವರ್ ಜೊತೆ ಮಾತಾಡುವ ಮೋಡೆಮ್ ಕೂಡ ಬೆರಳುಗುರಿನಷ್ಟು ಚಿಪ್‌ನಲ್ಲಿ ಅಕ್ಕಪಕ್ಕ ಕೂತಿರುತ್ತವೆ. ವಿಡಿಯೊ ಮಾಡುವಾಗ ಇವೆಲ್ಲಕ್ಕೂ ಏಕಕಾಲಕ್ಕೆ ಕೆಲಸ ಬೀಳುತ್ತದೆ.

4ಕೆ ವಿಡಿಯೊದ ಒಂದು ಫ್ರೇಮ್‌ನಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿವೆ. ಸೆಕೆಂಡಿಗೆ 30 ಫ್ರೇಮ್ ಎಂದರೆ ಹತ್ತಿರ ಹತ್ತಿರ 25 ಕೋಟಿ ಚುಕ್ಕೆಗಳು. ಅಷ್ಟನ್ನೂ ಇದ್ದಹಾಗೇ ಬರೆದಿಟ್ಟರೆ ಫೋನಿನ ಜಾಗ ನಿಮಿಷಗಳಲ್ಲಿ ತುಂಬಿಹೋಗುತ್ತದೆ. ಅದಕ್ಕೇ ಎನ್‌ಕೋಡರ್ ಒಂದು ಉಪಾಯ ಮಾಡುತ್ತದೆ: ಹಿಂದಿನ ಫ್ರೇಮ್‌ನಲ್ಲಿದ್ದ ಗೋಡೆ, ದೀಪಮಾಲೆ, ಮೆಟ್ಟಿಲು ಈಗಲೂ ಅಲ್ಲೇ ಇದ್ದರೆ ಮತ್ತೆ ಬರೆಯುವುದಿಲ್ಲ, ಬದಲಾದದ್ದನ್ನು ಮಾತ್ರ ಬರೆಯುತ್ತದೆ. ಜೇಜುರಿಯಲ್ಲಿ ಆ ಉಪಾಯ ಸೋಲುವುದು ಭಂಡಾರದ ಮುಂದೆ. ಹಾರುವ ಪುಡಿ, ಚದುರುವ ಕೊಬ್ಬರಿ ಚೂರು ಪ್ರತಿ ಫ್ರೇಮ್‌ನಲ್ಲೂ ಹೊಸ ಜಾಗದಲ್ಲಿರುತ್ತವೆ. ಹಿಂದಿನದನ್ನು ನೋಡಿ ಮುಂದಿನದನ್ನು ಊಹಿಸಲು ಆಗುವುದೇ ಇಲ್ಲ. ಆದ್ದರಿಂದಲೇ ಭಂಡಾರ ಎಸೆದ ಕ್ಷಣದಲ್ಲಿ ವಿಡಿಯೊ ಚೌಕ ಚೌಕವಾಗಿ ಒಡೆದಂತೆ ಕಾಣುವುದು. ಬಣ್ಣದ್ದೂ ಅದೇ ಪಾಡು. ಕಣ್ಣಮುಂದೆಲ್ಲ ಹಳದಿಯೇ ಇದ್ದಾಗ, ಬೆಳಕಿನಲ್ಲೇ ದೋಷವಿದೆಯೆಂದು ತಿಳಿದು ಚಿಪ್ ಅದನ್ನು ತಿದ್ದಲು ಹೊರಡುತ್ತದೆ. ಮುಖಗಳು ನೀಲಿಗೆ ತಿರುಗುತ್ತವೆ. ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ ಇಟ್ಟರೆ ಭಂಡಾರದ ನಿಜವಾದ ಬಣ್ಣ ಉಳಿಯುತ್ತದೆ. ಆ ಬಣ್ಣಕ್ಕಾಗಿಯೇ ಅಲ್ಲವೇ ಅಷ್ಟು ದೂರದಿಂದ ಬಂದದ್ದು!

ಇನ್ನು ಬಿಸಿಯ ವಿಚಾರ. ಚಿಪ್‌ನ ವೇಗ ಹೆಚ್ಚಿಸಲು ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ವಿದ್ಯುತ್ ಖರ್ಚು ವೇಗದ ಜೊತೆಗೂ ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ಎರಡನ್ನೂ ಶೇ 10ರಷ್ಟು ಹೆಚ್ಚಿಸಿದರೆ ಖರ್ಚು ಸುಮಾರು ಶೇ 33 ಹೆಚ್ಚುತ್ತದೆ, ಅದೆಲ್ಲ ಬಿಸಿಯಾಗಿಯೇ ಹೊರಬರಬೇಕು. ಲ್ಯಾಪ್‌ಟಾಪ್‌ನಂತೆ ಸಾಮಾನ್ಯ ಫೋನಿಗೆ ಫ್ಯಾನ್ ಇಲ್ಲ. ಕೆಲವೇ ವ್ಯಾಟ್‌ಗಳಷ್ಟು ಬಿಸಿಯನ್ನು ಮಾತ್ರ ಅದರ ಮೈ ಹೊರಹಾಕಬಲ್ಲದು. ಐಫೋನನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಿ ಎಂದು ಆ್ಯಪಲ್ ಕಂಪನಿಯೇ ಹೇಳುತ್ತದೆ. ಬೇಸಿಗೆಯಲ್ಲಿ ಪುಣೆ ಜಿಲ್ಲೆಯ ಬಿಸಿಲು ಅದನ್ನು ಸುಲಭವಾಗಿ ದಾಟುತ್ತದೆ. ಮಿತಿ ಮೀರಿದೊಡನೆ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಜಾಹೀರಾತಿನಲ್ಲಿ ಬರೆದ ಗಿಗಾಹರ್ಟ್ಸ್ ಕೆಲವು ಕ್ಷಣಗಳ ಓಟದ ವೇಗ. ಹತ್ತು ನಿಮಿಷದ ನಂತರ ಎಷ್ಟು ಉಳಿಯುತ್ತದೆ ಎಂಬುದೇ ನಮಗೆ ಬೇಕಾದ ಲೆಕ್ಕ, ಆದರೆ ಪೆಟ್ಟಿಗೆಯ ಮೇಲೆ ಅದು ಅಚ್ಚಾಗಿರುವುದಿಲ್ಲ.

ಹಾಗಾಗಿ ಜಾತ್ರೆಯಲ್ಲಿ 4ಕೆ ಬಿಟ್ಟು 1080ಪಿ ಇಟ್ಟುಕೊಳ್ಳಿ, ಚುಕ್ಕೆಗಳ ಕೆಲಸ ಕಾಲುಭಾಗಕ್ಕೆ ಇಳಿಯುತ್ತದೆ. ದಪ್ಪ ಕವರ್ ತೆಗೆಯಿರಿ. ಪವರ್ ಬ್ಯಾಂಕ್ ಸಿಕ್ಕಿಸಿಕೊಂಡು ವಿಡಿಯೊ ಮಾಡಬೇಡಿ, ಚಾರ್ಜಿಂಗ್‌ನದ್ದೇ ಬೇರೆ ಬಿಸಿ. ಬಿಸಿಯಾದ ಫೋನನ್ನು ನೆರಳಲ್ಲಿಡಿ, ಫ್ರಿಜ್‌ನಲ್ಲಿ ಅಲ್ಲ. ಒಳಗೆ ತೇವ ಕಟ್ಟಬಹುದು.

ಹೊಸ ಫೋನ್ ಕೊಳ್ಳುವಾಗ ಅತಿ ಹೆಚ್ಚು ದಾರಿ ತಪ್ಪಿಸುವ ಮಾತು ‘ಆಕ್ಟಾ ಕೋರ್’. ಎಂಟು ಕೋರ್, ಅಂದರೆ ಸಿಪಿಯುವಿನಲ್ಲಿ ಲೆಕ್ಕ ಮಾಡುವ ಎಂಟು ಘಟಕ, ಇವೆ ಎಂದರೆ ಯಾವ ಎಂಟು ಎಂದು ಕೇಳಲೇಬೇಕು. ಆರ್ಮ್ ಕಂಪನಿ 2012ರಲ್ಲಿ ಪ್ರಕಟಿಸಿದ ಕಾರ್ಟೆಕ್ಸ್-ಎ53 ಎಂಬ ಪುಟ್ಟ ಕೋರ್‌ಗಳನ್ನೇ ಎಂಟು ಜೋಡಿಸಿ, ಅಗ್ಗದ ಫೋನುಗಳಲ್ಲಿ ವರ್ಷಗಟ್ಟಲೆ ಮಾರಲಾಗಿದೆ. ಹೀಲಿಯೊ ಜಿ35 ಎಂಬ ಚಿಪ್ ಅಂಥದ್ದು. ಹೀಲಿಯೊ ಜಿ99ರಲ್ಲೂ ಎಂಟೇ ಕೋರ್, ಆದರೆ ಅದರಲ್ಲಿ ಎರಡು ಬಲವಾದ ಎ76, ಉಳಿದ ಆರು ಚಿಕ್ಕ ಎ55. ಎ53 ಕೆಲಸ ಮಾಡುವ ರೀತಿ ದರ್ಶನದ ಒಂಟಿ ಸಾಲಿನಂತೆ: ಮುಂದಿನವರು ಚಿಲ್ಲರೆ ಹುಡುಕುತ್ತ ನಿಂತರೆ ಹಿಂದಿನವರೆಲ್ಲ ನಿಲ್ಲಬೇಕು. ಮೆಮೊರಿಯಿಂದ ಒಂದು ಮಾಹಿತಿ ಬರಲು ತಡವಾದರೆ ಅದನ್ನು ಕೇಳಿದ ಸೂಚನೆಯ ಹಿಂದಿನ ಕೆಲಸವೂ ನಿಲ್ಲುತ್ತದೆ. ಎ76 ಹಾಗಲ್ಲ, ತಯಾರಿರುವ ಸೂಚನೆಗಳನ್ನು ಮೊದಲು ಮುಗಿಸಿಕೊಳ್ಳುತ್ತದೆ. ಪಾವತಿಯ ಆ್ಯಪ್ ತೆರೆಯುವಾಗ, ಕೀಬೋರ್ಡ್ ಮೇಲೆ ಬರುವಾಗ ನಮಗೆ ಅನ್ನಿಸುವ ಚುರುಕು ಬಹುಮಟ್ಟಿಗೆ ಈ ಒಂದೆರಡು ದೊಡ್ಡ ಕೋರ್‌ಗಳದ್ದು. ಮಾಹಿತಿ ಉಳಿಸುವ ಜಾಗ ಇಎಂಎಂಸಿಯೋ ಯುಎಫ್‌ಎಸ್ಸೋ ಎಂಬುದನ್ನೂ ಕೇಳಿ. ಯುಎಫ್‌ಎಸ್ ಎಷ್ಟೋ ಪಾಲು ವೇಗದ್ದು.

ಆದರೆ ತಪ್ಪೆಲ್ಲ ಚಿಪ್‌ನದ್ದೇ ಎಂದರೆ ನಾನು ಒಪ್ಪುವುದಿಲ್ಲ. ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಯಲ್ಲಿ ಒಂದೊಂದು ಚಿತ್ರಕ್ಕೂ ಸಿಗುವುದು 16.7 ಮಿಲಿಸೆಕೆಂಡ್. 120 ಹರ್ಟ್ಸ್ ಪರದೆಯಾದರೆ 8.3. ಅಷ್ಟರೊಳಗೆ ಆ್ಯಪ್‌ನ ಮುಖ್ಯ ಥ್ರೆಡ್, ಅಂದರೆ ಪರದೆಯನ್ನೂ ಸ್ಪರ್ಶವನ್ನೂ ನೋಡಿಕೊಳ್ಳುವ ಕೆಲಸದ ಸಾಲು, ತನ್ನ ಕೆಲಸ ಮುಗಿಸದಿದ್ದರೆ ಪರದೆ ಜಗ್ಗುತ್ತದೆ. ಬೆರಳಿನ ಸ್ಪರ್ಶಕ್ಕೆ 5 ಸೆಕೆಂಡ್ ಉತ್ತರ ಬಾರದಿದ್ದರೆ ‘ಆ್ಯಪ್ ಸ್ಪಂದಿಸುತ್ತಿಲ್ಲ’ ಎಂದು ಆಂಡ್ರಾಯ್ಡ್ ಫಲಕ ತೋರಿಸುತ್ತದೆ. ಮೂರು ಜಾಹೀರಾತು, ನಾಲ್ಕು ಅನಿಮೇಷನ್, ಅದರ ಮೇಲೆ ಲೆಕ್ಕಪತ್ರದ ಕೆಲಸ, ಎಲ್ಲವನ್ನೂ ಮುಖ್ಯ ಥ್ರೆಡ್ಡಿಗೇ ಹೊರಿಸಿದರೆ ಎ53 ಏನು ಮಾಡೀತು?

ಕನ್ನಡದ ಆ್ಯಪ್ ಮಾಡುವವರಿಗೆ ಇನ್ನೊಂದು ಹೊರೆಯಿದೆ. ‘ಕ್ಷೇತ್ರ’ ಎಂಬ ಪದ ಕಣ್ಣಿಗೆ ಎರಡೇ ಅಕ್ಷರ, ಫೋನಿಗೆ ಏಳು ಯೂನಿಕೋಡ್ ಸಂಕೇತಗಳು. ಒತ್ತು, ದೀರ್ಘ, ಎಲ್ಲವನ್ನೂ ಸರಿಯಾದ ಜಾಗಕ್ಕೆ ಜೋಡಿಸಿ, ಅಗಲ ಅಳೆದು, ಸಾಲು ಮುರಿಯುವುದು ಸಿಪಿಯು ಕೆಲಸ. ಸುದ್ದಿಯ ಪಟ್ಟಿಯನ್ನು ಸರಸರನೆ ಸರಿಸುವಾಗ ಈ ಹೊರೆ ಪ್ರತಿ ಸಾಲಿಗೂ ಬೀಳುತ್ತದೆ. 2018ರ ಆಂಡ್ರಾಯ್ಡ್ 9ರಲ್ಲಿ ಬಂದ ‘ಪ್ರೀಕಂಪ್ಯೂಟೆಡ್ ಟೆಕ್ಸ್ಟ್’ ಈ ಅಳತೆಯನ್ನು ಹಿನ್ನೆಲೆಯ ಥ್ರೆಡ್‌ನಲ್ಲಿ ಮೊದಲೇ ಮಾಡಿಡಲು ಬಿಡುತ್ತದೆ. ಬಳಸಿಕೊಂಡರೆ ಅಗ್ಗದ ಫೋನಿನಲ್ಲೂ ಕನ್ನಡ ನುಣ್ಣಗೆ ಸರಿಯುತ್ತದೆ. ಇದು ಕನ್ನಡ ಓದುಗರಿಗೆ ಸಲ್ಲಬೇಕಾದ ಮರ್ಯಾದೆ ಎಂದೇ ನನ್ನ ನಂಬಿಕೆ.

ಅಪ್‌ಡೇಟ್ ಆದ ದಿನ ಆ್ಯಪ್ ನಿಧಾನ, ನಾಲ್ಕು ದಿನಕ್ಕೆ ಸರಿ. ಇದಕ್ಕೂ ಕಾರಣವಿದೆ. 2016ರ ಆಂಡ್ರಾಯ್ಡ್ 7ರಿಂದೀಚೆಗೆ, ನಾವು ಹೆಚ್ಚು ಬಳಸುವ ಭಾಗ ಯಾವುದೆಂದು ವ್ಯವಸ್ಥೆ ಗಮನಿಸಿ, ಫೋನ್ ಚಾರ್ಜ್‌ಗೆ ಹಾಕಿ ಸುಮ್ಮನಿದ್ದಾಗ ಅದನ್ನು ಚಿಪ್‌ನ ನೇರ ಭಾಷೆಗೆ ಬದಲಿಸಿಡುತ್ತದೆ. ಯಾತ್ರೆಗೆ ಹೊರಡುವ ಬೆಳಗ್ಗೆಯೇ ಎಲ್ಲ ಆ್ಯಪ್ ಅಪ್‌ಡೇಟ್ ಮಾಡುವುದಕ್ಕಿಂತ ಎರಡು ದಿನ ಮುಂಚೆ ಮಾಡಿ, ರಾತ್ರಿ ಚಾರ್ಜ್‌ಗೆ ಹಾಕಿಡುವುದು ಒಳ್ಳೆಯದು.

ಒಂದನ್ನು ಮಾತ್ರ ಯಾವ ಪ್ರೊಸೆಸರೂ ಸರಿಮಾಡಲಾರದು: ಜಾತ್ರೆಯ ಟವರ್ ದಟ್ಟಣೆ. ಅಲ್ಲಿ ಪಾವತಿ ತಿರುಗುತ್ತ ನಿಂತರೆ ಅದು ಸರದಿಗೆ ಕಾಯುತ್ತಿದೆ ಎಂದರ್ಥ, ಎರಡನೇ ಸಲ ಕಳುಹಿಸುವ ಮುನ್ನ ಖಾತೆ ನೋಡಿಕೊಳ್ಳಿ. ಆ್ಯಪ್ ಬರೆಯುವ ಎಂಜಿನಿಯರುಗಳು ತಮ್ಮ ಮೇಜಿನ ಮೇಲೆ ಎ53ರ ಹಳೆಯ ಫೋನೊಂದನ್ನು ಇಟ್ಟುಕೊಂಡು, ನೆಟ್‌ವರ್ಕ್ ವೇಗ ಇಳಿಸಿ, ಹತ್ತು ನಿಮಿಷ ಬಿಡದೆ ಬಳಸಿ ನೋಡಲಿ. ತಮ್ಮ ದುಬಾರಿ ಫೋನಿನಲ್ಲಿ ಕಾಣದ ತಡವೆಲ್ಲ ಅಲ್ಲಿ ಕಾಣುತ್ತದೆ.